ಎಳೆದು ಹಾಕುವ ಅಕ್ಷತೆ

ಜೂನ್ 9, ಸೋಮವಾರ

ಕೊನೆಗೂ ಇವತ್ತು ಅಕ್ಷತೆ ಕಾಳು ಕಾಳಾಗಿ ಉದುರಿತು. ಹೋದ ವಾರವೆಲ್ಲ ಒಂದೇ ಮುದ್ದೆಯಾಗಿ ಬೀಳುತ್ತಿತ್ತು, ತಟ್ಟೆಯಿಂದ ಚಿತ್ರಾನ್ನ ಜಾರಿದ ಹಾಗೆ. ಈಗ ಪರದೆಯ ಮೂಲೆಯ ಬೆಳ್ಳಿ ತಟ್ಟೆಯಿಂದ ಬೆರಳಲ್ಲಿ ಒಂದು ಚಿಟಿಕೆ ಎಳೆದು ಹುಡುಗನದೋ ಹುಡುಗಿಯದೋ ಫೋಟೋದ ಮೇಲೆ ಬಿಟ್ಟರೆ ಸಾಕು, ಹಳದಿ ಕಾಳುಗಳು ತಲೆಯ ಮೇಲಿಂದ ಜಾರಿ, ಭುಜದ ಮೇಲೆ ಒಂದು ಕ್ಷಣ ಕೂತು, ಕೆಳಗೆ ಬೀಳುತ್ತವೆ. ಅಕ್ಷತೆ ಹಾಕಿದರೆ ‘ಈ ಸಂಬಂಧ ಮುಂದುವರಿಸಲು ನಮ್ಮ ಮನೆಯವರಿಗೆ ಇಷ್ಟ’ ಎಂದು ಅರ್ಥ. ಆ ಕಡೆಯವರಿಗೆ ತಕ್ಷಣ ಸುದ್ದಿ ಹೋಗುತ್ತದೆ. ಇಡೀ ಯೋಚನೆ ನನ್ನದೇ.

ನಮ್ಮ ಸಮಾಜದ ಸಂಘದವರು ಪ್ರತಿ ವರ್ಷ ಆಷಾಢದಲ್ಲಿ ವಧು-ವರರ ಸಮಾವೇಶ ಮಾಡುತ್ತಾರೆ. ಆಗ ಮದುವೆಗಳಿಲ್ಲ, ಛತ್ರಗಳು ಖಾಲಿ, ಬಾಡಿಗೆಯೂ ಕಡಿಮೆ. ಈ ಸಲ ಎರಡು ಭಾನುವಾರ ಇಟ್ಟುಕೊಂಡಿದ್ದಾರೆ. ಅಪ್ಪ ಕಮಿಟಿಯಲ್ಲಿರುವುದರಿಂದ ವೆಬ್‌ಸೈಟಿನ ಕೆಲಸ ನಮ್ಮ ಸ್ಟುಡಿಯೋಗೆ ಬಂತು. ‘ನನ್ನ ಮಗ ಮಾಡ್ತಾನೆ’ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ.

ಸ್ಟುಡಿಯೋ ನಡೆಸುವ ಚೈತ್ರ ಮೇಡಂ ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು. ‘ಸಖತ್ತಾಗಿದೆ ಲಿಖಿತ್. ಆದ್ರೆ ಎಳೆಯೋಕ್ ಆಗದೇ ಇರೋರು ಏನ್ ಮಾಡ್ಬೇಕು? ಕಣ್ ಕಾಣದೇ ಇರೋರು? ಪಕ್ಕದಲ್ಲಿ ಒಂದು ಬಟನ್ ಇಡು.’

‘ಇಡ್ತೀನಿ ಮೇಡಂ’ ಎಂದೆ. ಇಟ್ಟೂ ನೋಡಿದೆ. ಮದುವೆ ಚಪ್ಪರದ ನಡುವೆ ಕರೆಂಟ್ ಕಂಬ ನೆಟ್ಟ ಹಾಗೆ ಕಂಡಿತು. ಬಟನ್ ಇದ್ದರೆ ಯಾರು ತಾನೇ ಎಳೆಯುತ್ತಾರೆ? ತೆಗೆದುಬಿಟ್ಟೆ.

ಜೂನ್ 14, ಶನಿವಾರ

ಕಮಿಟಿಯವರಿಗೆ ನಮ್ಮ ಮನೆಯಲ್ಲೇ ತೋರಿಸಿದೆ. ಬಿಳೇಕಹಳ್ಳಿಯ ಹಳೇ ತಲೆಗಳೆಲ್ಲ ಟ್ಯಾಬ್‌ನ ಸುತ್ತ ಮುತ್ತಿಕೊಂಡರು. ಅಧ್ಯಕ್ಷ ಚಿನ್ನಪ್ಪನವರಂತೂ ಚಿಕ್ಕ ಮಗುವಾಗಿಬಿಟ್ಟರು. ಒಂದೇ ಹುಡುಗಿಯ ಮೇಲೆ ಮತ್ತೆ ಮತ್ತೆ ಅಕ್ಷತೆ ಸುರಿದೇ ಸುರಿದರು. ಅಪ್ಪ, ‘ಬಿಡಿ ಚಿನ್ನಪ್ನೋರೇ, ಆ ಹುಡುಗಿ ಆಗ್ಲೇ ನಿಮ್ಮ ಸೊಸೆ ಆದ್ಳು’ ಎಂದಾಗ ಮನೆಯೆಲ್ಲ ನಗು. ಚಿನ್ನಪ್ಪನವರೂ ನಕ್ಕು, ಟ್ಯಾಬನ್ನು ಪಕ್ಕದವರಿಗೆ ದಾಟಿಸಿ, ಕೈಯನ್ನು ಶಲ್ಯದೊಳಗೆ ಇಟ್ಟುಕೊಂಡರು. ಅಪ್ಪನ ಮುಖ ನೋಡಬೇಕಿತ್ತು. ನಾನು ಮಾಡಿದ ಕೆಲಸ ಅವರಿಗೆ ಅರ್ಥವಾಗಿದ್ದು ಇದೇ ಮೊದಲು.

ಎಲ್ಲರೂ ಹೋದ ಮೇಲೆ ಅಮ್ಮನ ಜೊತೆ ಸಣ್ಣ ಜಗಳ. ಕೆಲಸದ ಮಾರಮ್ಮನಿಗೆ ಅಡುಗೆಮನೆ ಕಿಟಕಿಯ ಮೇಲಿರುವ, ಅಂಚು ನೆಗ್ಗಿದ ಆ ಒಂದು ಲೋಟದಲ್ಲೇ ಕಾಫಿ ಕೊಡುತ್ತಾಳೆ. ‘ಯಾವ ಕಾಲದಲ್ಲಿದ್ದೀಯಮ್ಮ?’ ಎಂದೆ.

‘ಅವಳಿಗೆ ಅಂತಲೇ ಒಂದು ಇಟ್ಟಿದ್ದೀನಲ್ಲೋ! ಕೊಡದೇ ಇದ್ದೀನಾ? ನಮ್ಮಷ್ಟೇ ಸಕ್ಕರೆ, ನಮ್ಮಷ್ಟೇ ಹಾಲು.’

ಈ ತಲೆಮಾರು ಬದಲಾಗುವುದಿಲ್ಲ.

ಜೂನ್ 18, ಬುಧವಾರ

ಸಂಜೆ ಗೇಟಿನ ಹತ್ತಿರ ಬಸವಂತಣ್ಣ ಕಾಯುತ್ತಿದ್ದರು. ನಮ್ಮ ಕೆಳಗಿನ ಮನೆಯ ಬಾಡಿಗೆಯವರು, ಬಾಗಲಕೋಟೆ ಕಡೆಯವರು. ತಾಯಿ ಲಕ್ಕವ್ವ ಜೊತೆಗಿದ್ದಾರೆ. ನಮ್ಮ ಸಮಾಜದವರೇ ಎಂದು ಅಪ್ಪ ಮನೆ ಕೊಟ್ಟರು. ಬಸವಂತಣ್ಣನಿಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ತಿಲಕ್ ನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಅವರ ಫೋನು ಪರದೆಯಲ್ಲಿ ಇರುವುದನ್ನೆಲ್ಲ ಓದಿ ಹೇಳುತ್ತದೆ, ಅದೂ ಎಂಥ ವೇಗ, ನನಗೆ ಒಂದು ಪದವೂ ತಿಳಿಯುವುದಿಲ್ಲ.

‘ಲಿಖಿತ ಅವ್ರ, ಸಮಾವೇಶದ್ದ ವೆಬ್‌ಸೈಟ್ ನೀವ ಮಾಡೀರಂತಲ್ರಿ. ಹುಟ್ಟಿದ ತಾರೀಖಿನ ಮಟಾ ಬಂದೆ ನೋಡ್ರಿ, ಅಲ್ಲಿಂದ ಮುಂದ ಹೋಗವಲ್ತು. ಬರೇ ಚಿತ್ರ, ಚಿತ್ರ ಅಂತೈತಿ.’

ಹುಟ್ಟಿದ ದಿನವನ್ನು ಬೀಸುವ ಕಲ್ಲಿನ ಹಾಗೆ ಬೆರಳಲ್ಲಿ ತಿರುಗಿಸುವ ಚಕ್ರ ಮಾಡಿದ್ದೆ. ಅದು ಫೋನಿಗೆ ಬರೀ ಚಿತ್ರವಾಗಿ ಕಾಣುತ್ತದೆ ಎಂದು ಹೊಳೆದಿರಲಿಲ್ಲ.

‘ಹೇಳಿ ಬಸವಂತಣ್ಣ, ನಾನೇ ತುಂಬಿಬಿಡ್ತೀನಿ’ ಎಂದೆ.

‘ಬ್ಯಾಡ್ರಿ. ನಾನ ತುಂಬಬೇಕು.’ ಫೋನನ್ನು ಜೇಬಿಗಿಟ್ಟು ಹೇಳಿದರು. ‘ಕನ್ಯಾ ತೋರ್ಸಾವ ಇರ್ತಾನಲ್ರಿ, ಅವ ನನ್ನ ಕಣ್ಣಿನ ವಿಷಯ ಮುಚ್ಚಿಟ್ಟ ಕರ್ಕೊಂಡ ಹೋಗ್ತಾನ. ನಾವ ಬಾಗಲ್ದಾಗ ಕಾಲಿಟ್ಟ ಕೂಡ್ಲೆ ಮನಿ ಮಂದಿ ಎಲ್ಲಾ ಸುಮ್ನ ಆಗಿ ಬಿಡ್ತಾರ. ಅದನ್ನ ಕೇಳಿ ಕೇಳಿ ಸಾಕಾಗೈತ್ರಿ. ಇದ್ರಾಗ ಮೊದಲ್ನೇ ಸಾಲಿನಾಗ ನಾನ ಬರೀತೀನಿ, ನಂಗ ಕಣ್ಣ ಕಾಣಂಗಿಲ್ಲ ಅಂತ. ಅದನ್ನ ಓದಿ ಯಾರ ಬರ್ತಾರೋ ಅವರ ಬರ್ಲಿ.’

ಏನಾದರೂ ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಜೂನ್ 21, ಶನಿವಾರ

ಮಾತು ಉಳಿಸಿಕೊಂಡೆ. ‘ಸರಳ ಪುಟ’ ಎಂದು ಬೇರೆಯೇ ಒಂದು ಪುಟ ಮಾಡಿ, ಮುಖ್ಯ ಪುಟದ ತಳದಲ್ಲಿ ಅದಕ್ಕೆ ದಾರಿ ಇಟ್ಟೆ. ಚಕ್ರವಿಲ್ಲ, ಫೋಟೋ ಇಲ್ಲ, ಅಕ್ಷತೆ ಇಲ್ಲ, ಬರೀ ಪ್ರಶ್ನೆ ಮತ್ತು ಖಾಲಿ ಜಾಗ. ಅಲ್ಲಿ ತುಂಬಿದ್ದು ಸದ್ಯಕ್ಕೆ ನನ್ನ ಆಫೀಸ್ ಮೇಲ್‌ಗೆ ಬರುತ್ತದೆ. ಮುಂದಿನ ವಾರ ಮುಖ್ಯ ಸೈಟಿಗೆ ಜೋಡಿಸಬೇಕು.

ಬಸವಂತಣ್ಣ ನನ್ನೆದುರೇ ಮೆಟ್ಟಿಲ ಮೇಲೆ ಕೂತು ತುಂಬಿದರು. ಮುಗಿದಾಗ ಫೋನು ಏನೋ ಹೇಳಿತು. ‘ಸ್ವೀಕರಿಸಲಾಗಿದೆ ಅಂತೈತ್ರಿ’ ಎಂದು ಅವರೇ ನಕ್ಕು ಅರ್ಥ ಹೇಳಿದರು. ಲಕ್ಕವ್ವ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು. ಪುಣ್ಯದ ಕೆಲಸ ಮಾಡಿದ ಮೇಲೆ ತಿನ್ನುವ ಹೋಳಿಗೆಯ ರುಚಿಯೇ ಬೇರೆ.

ಚೈತ್ರ ಮೇಡಂ ಫೋನಿನಲ್ಲಿ ಬಟನ್ ಬಗ್ಗೆ ಕೇಳಿದರು. ‘ಅದಕ್ಕಿಂತ ಚೆನ್ನಾಗಿ ಮಾಡಿದ್ದೀನಿ ಮೇಡಂ, ಅವರಿಗೆ ಅಂತಲೇ ಒಂದು ಪುಟ’ ಎಂದೆ.

ಜೂನ್ 27, ಶುಕ್ರವಾರ

ನೋಂದಣಿ ಪುಟ ಎರಡು ವಾರದಿಂದ ತೆರೆದಿತ್ತು, ಇವತ್ತು ಅಕ್ಷತೆಯ ಸಮೇತ ಇಡೀ ಸೈಟು ಹೊರಗೆ ಬಂತು. ಬೆಳಗಿನಿಂದ ಫೋನು ನಿಂತಿಲ್ಲ. ಯಾರೋ ಅಕ್ಷತೆಯ ವಿಡಿಯೋ ಮಾಡಿ ಹಾಕಿದ್ದಾರೆ, ಎಲ್ಲರ ಸ್ಟೇಟಸ್‌ನಲ್ಲೂ ಅದೇ. ಕಾಲೇಜಿನ ಗೆಳೆಯನೊಬ್ಬ ‘ಮಗಾ, ಇದು ನಿಂದಾ?’ ಎಂದು ಕೇಳಿದ. ಹೌದು ಮಗಾ, ನಂದೇ.

ಜುಲೈ 3, ಗುರುವಾರ

ವಸಂತಪುರದ ಛತ್ರದಲ್ಲಿ ದೊಡ್ಡ ಪರದೆ. ಒಬ್ಬೊಬ್ಬರ ಹೆಸರು ಕೂಗಿದಾಗಲೂ ಅವರ ಫೋಟೋ ತಿರುಗುತ್ತ ಬಂದು ನಿಲ್ಲಬೇಕು, ನಾದಸ್ವರ ಮೊಳಗಬೇಕು, ಸಭೆಯಲ್ಲಿ ಕೂತವರು ಹಾಕಿದ ಅಕ್ಷತೆ ಮೇಲಿಂದ ಬೀಳಬೇಕು. ನಾದಸ್ವರ ಅರ್ಧ ಕ್ಷಣ ತಡವಾಗಿ ಬರುತ್ತಿದೆ. ತಲೆ ಚಿಟ್ಟು ಹಿಡಿದಿದೆ. ಇನ್ನೂ ಏನೋ ಒಂದು ಬಾಕಿ ಇದೆ ಅನ್ನಿಸುತ್ತಿದೆ, ನಾದಸ್ವರವೇ ಇರಬೇಕು.

ಜುಲೈ 6, ಭಾನುವಾರ

ಇದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಬರೆದರೂ ಬರುತ್ತದೆಂದು ಹೇಳಲಾರೆ.

ಛತ್ರ ತುಂಬಿತ್ತು. ನಾನು ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಎದುರಿನ ಸಾಲಿನಲ್ಲೇ ಬಸವಂತಣ್ಣ. ಮಡಿಕೆಯ ಗೆರೆ ಇನ್ನೂ ಉಳಿದಿದ್ದ ಹೊಸ ಬಿಳಿ ಅಂಗಿ, ಹಣೆಗೆ ವಿಭೂತಿ, ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದಲ್ಲಿ ಲಕ್ಕವ್ವ, ಇಳಕಲ್ ಸೀರೆ. ನಾನು ಅವರಿಗೆ ಕೈ ಬೀಸಿದೆ. ಲಕ್ಕವ್ವ ಮಗನ ಕಿವಿಯಲ್ಲಿ ಹೇಳಿದರು, ಅವರೂ ಕೈ ಬೀಸಿದರು.

ಹೆಸರುಗಳು ಅಕಾರಾದಿಯಲ್ಲಿ ಬರುತ್ತಿದ್ದವು. ಪ್ರಶಾಂತ ಬಂದ, ಹೋದ. ಆಮೇಲೆ ಪರದೆ ಮೇಲೆ ಮಂಜುನಾಥ ತಿರುಗುತ್ತ ಬಂದ. ನಾದಸ್ವರ ಸರಿಯಾದ ಹೊತ್ತಿಗೆ ಮೊಳಗಿತು. ಅದೇ ಕ್ಷಣ ಪಟ್ಟಿಯನ್ನು ಮತ್ತೆ ನೋಡಿದೆ. ಪ ಆಗಿ ಮ ಬಂತು, ಬಸವಂತಣ್ಣನ ಬ ಎಲ್ಲಿ? ಸರಳ ಪುಟವನ್ನು ನಾನು ಜೋಡಿಸಿಯೇ ಇರಲಿಲ್ಲ. ಆ ಮೇಲ್‌ಗಳನ್ನು ತೆರೆದೂ ಇರಲಿಲ್ಲ.

ಬಸವಂತಣ್ಣನೂ ಮಂಜುನಾಥ ಎನ್ನುವುದನ್ನು ಕೇಳಿಸಿಕೊಂಡರು. ತೊಡೆಯ ಮೇಲಿದ್ದ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು, ಅಷ್ಟೇ. ಬೆನ್ನು ನೆಟ್ಟಗೇ ಇತ್ತು.

ನಿಲ್ಲಿಸಬಹುದಿತ್ತು. ವೇದಿಕೆಯ ಮೇಲೆ ಅಪ್ಪ ಕೂತಿದ್ದರು, ಚಿನ್ನಪ್ಪನವರು ಆಗಷ್ಟೇ ಮೈಕಿನಲ್ಲಿ ‘ನಮ್ಮ ಗಂಗಾಧರಯ್ಯನ ಮಗ’ ಎಂದು ನನ್ನನ್ನು ಹೊಗಳಿದ್ದರು. ನಾನು ತಲೆ ತಗ್ಗಿಸಿ ಮುಂದಿನ ಫೋಟೋ ಒತ್ತಿದೆ.

ಊಟದ ಹೊತ್ತಿಗೆ ಲಕ್ಕವ್ವ ಹುಡುಕಿಕೊಂಡು ಬಂದರು. ‘ತಮ್ಮಾ, ಇನ್ನ ಎಷ್ಟ ಹೆಸರ ಅದಾವಪಾ?’

‘ಬರುತ್ತೆ ಅಮ್ಮ. ಊಟ ಆದ್ಮೇಲೆ ಬರುತ್ತೆ’ ಎಂದೆ.

ಎಷ್ಟು ಸಲೀಸಾಗಿ ಬಂತು ಬಾಯಿಂದ! ಕಂಬದ ಹಿಂದೆ ಕೂತು ಅವರ ವಿವರ ಸೇರಿಸಲು ನೋಡಿದೆ. ಫೋಟೋ ಇಲ್ಲದೆ ಸೈಟು ಒಪ್ಪಲಿಲ್ಲ. ಸರಳ ಪುಟದಲ್ಲಿ ನಾನು ಫೋಟೋ ಕೇಳಿಯೇ ಇರಲಿಲ್ಲ. ಆಗುವುದಿಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಮೈಕಿನಲ್ಲಿ ಒಂದು ಹೆಸರು ಕೂಗಲು ಫೋಟೋ ಬೇಕಿರಲಿಲ್ಲ ಎಂದು ಈಗ ಹೊಳೆಯುತ್ತಿದೆ. ಆಗಲೂ ಹೊಳೆದಿತ್ತು, ಸುಳ್ಳೇಕೆ ಬರೆಯಲಿ.

ಊಟವಾದ ಮೇಲೆ ಹೆಣ್ಣಿನ ಕಡೆಯವರು ಅರ್ಧಕ್ಕರ್ಧ ಎದ್ದು ಹೋದರು. ಇವರಿಬ್ಬರು ಕೊನೆಯ ಹೆಸರಿನ ತನಕ ಕೂತಿದ್ದರು. ಹೊರಡುವಾಗ ಬಸವಂತಣ್ಣ ನನ್ನ ದನಿ ಹಿಡಿದು ಬಂದು, ‘ನಮ್ದ ಏನಾತ್ರಿ?’ ಎಂದು ಕೇಳಿದರು.

‘ಸರ್ವರ್ ಪ್ರಾಬ್ಲಂ ಬಸವಂತಣ್ಣ. ಎಷ್ಟೋ ಜನರದ್ದು ಹಾಗೇ ಆಯ್ತು.’

‘ಆಗತೈತ್ರಿ’ ಎಂದರು. ಆಟೋ ಹತ್ತುವಾಗ ಲಕ್ಕವ್ವ ಮಗನ ಅಂಗಿಯ ತೋಳು ಮಡಚಿಕೊಡುತ್ತಿದ್ದರು, ಹೊಸ ಅಂಗಿ ಕೊಳೆಯಾಗದಿರಲಿ ಎಂದು.

ಜುಲೈ 7, ಸೋಮವಾರ

ಹಿಂದಿನ ಗೇಟಿನಿಂದ ಆಫೀಸಿಗೆ ಹೋದೆ, ಅಲ್ಲಿಂದಲೇ ವಾಪಸ್ ಬಂದೆ.

ಜುಲೈ 9, ಬುಧವಾರ

ಇವತ್ತು ಆ ಮೇಲ್‌ಗಳನ್ನು ತೆರೆದೆ. ಬಸವಂತಣ್ಣ ಒಬ್ಬರೇ ಇರಬಹುದು ಅಂದುಕೊಂಡಿದ್ದೆ. ಒಬ್ಬರೇ ಅಲ್ಲ. ಉತ್ತರಹಳ್ಳಿಯ ಹೇಮಶ್ರೀ ಎಂಬ ಹುಡುಗಿಗೆ ಕಣ್ಣು ಚೆನ್ನಾಗಿಯೇ ಇದೆ, ಪರದೆಯಲ್ಲಿ ಏನಾದರೂ ತಿರುಗಿದರೆ ತಲೆ ಸುತ್ತಿ ವಾಂತಿಯಾಗುತ್ತದಂತೆ. ಇನ್ನೊಬ್ಬರ ಬಲಗೈ ಮಿಲ್ಲಿನಲ್ಲಿ ಹೋಗಿದೆ. ಯಾರೋ ಒಬ್ಬ ಅಜ್ಜಿ ಮೊಮ್ಮಗಳಿಗಾಗಿ ತುಂಬಿದ್ದಾರೆ: ‘ನಮ್ಮ ಫೋನು ಹಳೆಯದು, ಅಕ್ಷತೆ ತಟ್ಟೆ ಬರುವುದರೊಳಗೆ ನಿಂತುಹೋಗುತ್ತದೆ, ದಯವಿಟ್ಟು ತಪ್ಪು ತಿಳಿಯಬೇಡಿ.’ ನಾವು ತಪ್ಪು ತಿಳಿಯಬಾರದಂತೆ.

ಬಸವಂತಣ್ಣನ ಮೊದಲ ಸಾಲು: ‘ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ಓದಿದ ಮೇಲೂ ನೀವು ಮುಂದೆ ಓದುತ್ತಿದ್ದರೆ ನಮಸ್ಕಾರ.’

ಅದನ್ನು ಯಾರೂ ಓದಿರಲಿಲ್ಲ. ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. ಆಮೇಲೆ ಚೈತ್ರ ಮೇಡಂ ಹತ್ತಿರ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಇವರಿಗೆಲ್ಲ ಫೋನ್ ಮಾಡೋನು ನೀನೇ’ ಎಂದರು. ಮಾಡಿದೆ. ಬಸವಂತಣ್ಣ ಒಬ್ಬರನ್ನು ಬಿಟ್ಟು ಎಲ್ಲರಿಗೂ.

ಜುಲೈ 12, ಶನಿವಾರ

ಕೆಳಗೆ ಹೋದೆ. ಲಕ್ಕವ್ವ ಸಂತೆಗೆ ಹೋಗಿದ್ದರು. ಬಸವಂತಣ್ಣ ಫೋನಿನಲ್ಲಿ ಪೇಪರ್ ಕೇಳುತ್ತಿದ್ದರು.

‘ಬಸವಂತಣ್ಣ, ಅವತ್ತು ಸರ್ವರ್ ಏನೂ ಕೆಟ್ಟಿರ್ಲಿಲ್ಲ. ನೀವು ತುಂಬಿದ್ದು ನನ್ನ ಮೇಲ್‌ಗೆ ಬಂದಿತ್ತು. ನಾನು ಸೇರಿಸ್ಲಿಲ್ಲ. ಮರೆತುಬಿಟ್ಟೆ.’

ಅವರು ಫೋನಿನ ಮೇಲೆ ಬೆರಳಿಟ್ಟು ಅದರ ಬಾಯಿ ಮುಚ್ಚಿಸಿದರು. ‘ಊಟದ ಹೊತ್ನ್ಯಾಗ ಅವ್ವಗ ಬರತೈತಿ ಅಂದ್ರಲ್ಲ, ಅವಾಗ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

‘ಮರ್ತಿದ್ದ ಹೋಗ್ಲಿ ಬಿಡ್ರಿ, ಮನಷ್ಯಾ ಮರೀತಾನ. ಗೊತ್ತಿದ್ದೂ ಕುಂದ್ರಿಸಿದ್ರಲ್ರಿ! ಅವ್ವ ಪಾಯಸಾ ಬಡಿಸೂಕಿಂತ ಮೊದಲ ಎದ್ದ ಬಂದ್ಲು. ಕೈ ತೊಳ್ಯಾಕ ಹೋದಾಗ ಹೆಸರ ಕೂಗಿದ್ರ ಹೆಂಗ ಅಂತ.’ ದನಿ ಏರಿತ್ತು. ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕ್ಷಮಿಸಿ ಎಂದೆ.

ಎದ್ದು ಹೊರಟಾಗ ಹಿಂದಿನಿಂದ ಕೇಳಿದರು. ‘ಆ ಅಕ್ಷತಿ ಅಂದ್ರ ಏನ್ರಿ ಅದು? ಒಂದೊಂದ ಹೆಸರಿಗೂ ಮಂದಿ ನಗಾಕತ್ತಿದ್ರು, ಚಪ್ಪಾಳಿ ಹೊಡ್ಯಾಕತ್ತಿದ್ರು. ನನ್ನ ಪುಟದಾಗ ಅಕ್ಷತಿನ ಇದ್ದಿಲ್ಲ.’

‘ನಿಮಗೆ ಅದು ಬೇಡ ಅಂದ್ಕೊಂಡೆ.’

‘ಯಾಕ್ರಿ?’

ನಾನು ಚಪ್ಪಲಿ ಹುಡುಕತೊಡಗಿದೆ. ‘ನಂಗೂ ಬೇಕ್ರಿ ಅದು’ ಎಂದರು.

ಅವರಿಗೆ ದಾರಿ ಸಿಕ್ಕರೆ ಸಾಕು, ಸಂಭ್ರಮ ನಮಗಿರಲಿ ಎಂದು ನಾನು ಯಾವಾಗ ತೀರ್ಮಾನ ಮಾಡಿದೆನೋ ನನಗೇ ಗೊತ್ತಿಲ್ಲ.

ಜುಲೈ 17, ಗುರುವಾರ

ಸರಳ ಪುಟ ತೆಗೆದುಹಾಕಿದೆ. ಇನ್ನು ಎಲ್ಲರಿಗೂ ಒಂದೇ ಪುಟ. ಹುಟ್ಟಿದ ದಿನವನ್ನು ಸುಮ್ಮನೆ ಬರೆಯಬಹುದು. ಫೋಟೋ ಇಲ್ಲದವರಿಗೆ ಹೆಸರೇ ದೊಡ್ಡದಾಗಿ ಬರುತ್ತದೆ. ತಿರುಗುವುದು ಬೇಡವೆಂದರೆ ನಿಲ್ಲಿಸಬಹುದು. ಪ್ರತಿ ಹೆಸರಿನ ಕೆಳಗೂ ‘ಅಕ್ಷತೆ ಹಾಕಿ’ ಎಂಬ ಬಟನ್. ಒತ್ತಿದರೂ ಕಾಳು ಬೀಳುತ್ತವೆ, ಎಳೆದು ಹಾಕಿದರೂ ಬೀಳುತ್ತವೆ. ಇಷ್ಟೇ ಸಾಕಿತ್ತು, ಮೊದಲ ದಿನವೇ ಮಾಡಬಹುದಿತ್ತು. ಕಂಬದ ಹಾಗೇನೂ ಕಾಣುತ್ತಿಲ್ಲ.

ಕಾಳು ಬೀಳುವ ಸದ್ದು ಬೇಕಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕಿಯನ್ನು ತಟ್ಟೆ, ಪಾತ್ರೆ, ಬೋಗುಣಿ ಎಲ್ಲದರ ಮೇಲೂ ಸುರಿದು ಫೋನಿನಲ್ಲಿ ಹಿಡಿದೆ. ಹಿತ್ತಾಳೆ ಹರಿವಾಣದ ಸದ್ದು ಚೆನ್ನಾಗಿತ್ತು. ಮಾರಮ್ಮ ಚೆಲ್ಲಿದ ಅಕ್ಕಿ ಗುಡಿಸುತ್ತ, ‘ಇನ್ನೂ ಮೇಲಿಂದ ಹಾಕಣ್ಣ, ಮದುವೇಲಿ ಯಾರೂ ಬಗ್ಗಿ ಹಾಕಲ್ಲ’ ಎಂದಳು. ಹಾಕಿದೆ, ಸರಿಹೋಯಿತು. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಕುಡಿದೆ. ಅಂಚು ನೆಗ್ಗಿದ್ದರಿಂದ ತುಟಿಗೆ ಸ್ವಲ್ಪ ಚುಚ್ಚಿತು. ಅಮ್ಮ ಏಕೋ ಬಾಯಿ ತೆರೆದು ಸುಮ್ಮನಾದಳು.

ಸಂಜೆ ಚಿನ್ನಪ್ಪನವರಿಗೆ ತೋರಿಸಲು ಹೋದೆ. ಬಟನ್ ಬಂದು ಅಂದ ಕೆಟ್ಟಿತು ಎನ್ನುತ್ತಾರೇನೋ ಎಂಬ ಅಳುಕಿತ್ತು. ಅವರು ಒತ್ತಿದರು, ಕಾಳು ಬಿದ್ದವು. ಇನ್ನೊಂದು ಫೋಟೋ ತೆಗೆದು ಒತ್ತಿದರು, ಅದರ ಮೇಲೂ ಬಿದ್ದವು.

‘ಇದು ಚೆನ್ನಾಗಿದೆ ಕಣಪ್ಪ’ ಎಂದು ಶಲ್ಯದಿಂದ ಇನ್ನೊಂದು ಕೈಯನ್ನೂ ತೆಗೆದು ತೋರಿಸಿದರು. ಎರಡೂ ನಡುಗುತ್ತಿದ್ದವು. ‘ಅವತ್ತು ನಿಮ್ಮನೇಲಿ ಎಲ್ರೂ ನಕ್ರಲ್ಲ, ನಾನೇನು ತಮಾಷೆ ಮಾಡ್ತಿರ್ಲಿಲ್ಲ. ಪಕ್ಕದ ಫೋಟೋಗೆ ಹಾಕೋಕೆ ಹೋಗ್ತಿದ್ದೆ, ಕೈ ಮಾತು ಕೇಳ್ತಿರ್ಲಿಲ್ಲ.’

ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಜುಲೈ 20, ಭಾನುವಾರ

ಎರಡನೇ ಸಮಾವೇಶ ಮುಗಿಯಿತು. ಬೆಳಿಗ್ಗೆ ಶುರುವಾಗುವ ಮೊದಲೇ ಮೈಕು ಹಿಡಿದು, ಹೋದ ಸಲ ಕೆಲವರ ಹೆಸರು ಬಿಟ್ಟುಹೋದದ್ದು ಯಂತ್ರದ ತಪ್ಪಲ್ಲ, ನನ್ನ ತಪ್ಪು ಎಂದೆ. ಅಪ್ಪ ನೆಲ ನೋಡುತ್ತಿದ್ದರು. ಹಿಂದೆ ಯಾರೋ ಕುರ್ಚಿ ಎಳೆದ ಸದ್ದಾಯಿತು ಅಷ್ಟೇ.

ಬಸವಂತಣ್ಣ ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಬಂದರು. ಅದೇ ಬಿಳಿ ಅಂಗಿ, ಒಗೆದು ಇಸ್ತ್ರಿ ಮಾಡಿದ್ದು. ಈ ಸಲ ಜೊತೆಗೆ ಊರಿಂದ ತಂಗಿ ಶರಣಮ್ಮನನ್ನೂ ಕರೆಸಿದ್ದರು. ಆಕೆ ನೇರವಾಗಿ ನನ್ನ ಹತ್ತಿರ ಬಂದು, ‘ಅಣ್ಣನ ಹೆಸರ ಐತೇನ್ರಿ? ತೋರಸ್ರಿ’ ಎಂದಳು. ಕಣ್ಣಾರೆ ನೋಡಿದ ಮೇಲೆಯೇ ಹೋಗಿ ಕೂತಳು. ಹಾಗೆ ಕೇಳಿಸಿಕೊಳ್ಳಬೇಕಾದವನು ನಾನೇ ತಾನೆ.

ಹೆಸರು ಕೂಗಿದರು. ಬಸವಂತಣ್ಣ ವೇದಿಕೆಗೆ ಬಂದು ಮೈಕನ್ನು ಮುಟ್ಟಿ ನೋಡಿಕೊಂಡರು. ‘ನಾನು ಬಸವಂತ. ನಂಗ ಕಣ್ಣ ಕಾಣಂಗಿಲ್ಲ. ಬ್ಯಾಂಕಿನ್ಯಾಗ ಕೆಲಸ. ರೊಟ್ಟಿ ಬಡೀತೀನಿ, ಪಲ್ಯಾ ಮಾಡ್ತೀನಿ. ಚಾ ಮಾತ್ರ ಅವ್ವ ಮಾಡಿದ್ದ ಬೇಕು.’ ಅಲ್ಲಲ್ಲಿ ನಗು ಕೇಳಿತು. ಆಮೇಲೆ ಸಭೆ ಸುಮ್ಮನಾಯಿತು. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಸುಮ್ಮನಾಗುತ್ತಾರೆ ಎಂದು ಅವರು ಹೇಳಿದ್ದ ಮೌನ ಇದೇ ಇರಬೇಕು. ಪರದೆಯ ಮೇಲೆ ಅವರ ಹೆಸರು ಒಂದೇ ನಿಂತಿತ್ತು. ಯಾರಾದರೂ ಒತ್ತಿ, ಯಾರಾದರೂ ಒಬ್ಬರು ಎಂದು ನಾನು ದೇವರನ್ನು ಬೇಡಿಕೊಂಡೆ.

ಆಗ ಅಕ್ಷತೆ ಬಿತ್ತು. ಹರಿವಾಣದ ಸದ್ದು ಛತ್ರದ ತುಂಬ ಹರಡಿತು. ಬಸವಂತಣ್ಣ ಸದ್ದು ಬಂದ ಕಡೆ ಮುಖ ಎತ್ತಿ, ಹಣೆ ಒಡ್ಡಿ ನಿಂತರು. ಜನ ಚಪ್ಪಾಳೆ ತಟ್ಟಿದರು. ಸಮಾವೇಶದ ದಿನ ಸಭೆಯಲ್ಲಿ ಹಾಕಿದವರ ಹೆಸರು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ನೋಡಿದೆ. ಲಕ್ಕವ್ವ.

ಬೇರೆ ಯಾರದೂ ಬರಲಿಲ್ಲ.

ಊಟವಾದ ಮೇಲೆ ಬಸವಂತಣ್ಣ ಒಬ್ಬರೇ ಕೋಲು ಹಿಡಿದು ನನ್ನ ಮೇಜಿನ ತನಕ ಬಂದರು. ‘ಲಿಖಿತ ಅವ್ರ, ನನಗ ಅಕ್ಷತಿ ಹಾಕಿದಾವ್ರು ಯಾರ್ರಿ?’

‘ಗುಟ್ಟು, ಆಮೇಲೆ ಹೇಳ್ತೀನಿ’ ಎನ್ನಬಹುದಿತ್ತು. ‘ಹೆಸರು ಬಂದಿಲ್ಲ’ ಎನ್ನಬಹುದಿತ್ತು. ಒಂದು ವಾರವಾದರೂ ಅವರು ಸಂತೋಷವಾಗಿ ಇರುತ್ತಿದ್ದರು. ಆ ಮುಖ ನೋಡಿಕೊಂಡು ಹೇಳುವುದು ನನ್ನಿಂದ ಆಗಲಿಲ್ಲ, ನೆಲ ನೋಡಿಕೊಂಡು ಹೇಳಿದೆ.

‘ನಿಮ್ಮ ತಾಯಿ ಬಸವಂತಣ್ಣ. ಅವರೊಬ್ಬರೇ.’

ಅವರು ತಲೆಯಾಡಿಸಿದರು. ‘ಗೊತ್ರಿ. ಊಟಕ್ಕ ಕುಂತಾಗ ಅವ್ವನ ಹೇಳಿದ್ಲು. ಮಗನ ತಲಿ ಮ್ಯಾಲೆ ಒಂದೂ ಕಾಳ ಬೀಳ್ಲಿಲ್ಲಲಾ ಅಂತ ತಡೀಲಾರ್ದ ಒತ್ತಿದ್ಲಂತ.’

‘ಗೊತ್ತಿದ್ದೂ ಕೇಳಿದ್ರಾ?’

‘ನೀವೇನ ಹೇಳ್ತೀರಿ ನೋಡೂಣು ಅಂತ.’ ಅವರು ನಗಲಿಲ್ಲ. ಕೋಲು ಬಿಡಿಸಿ ನೆಲಕ್ಕೆ ಊರಿದರು. ‘ಇನ್ನ ಮ್ಯಾಲೆ ಯಾವಾಗರ ಒಂದ ಬಂತು ಅಂತ ನೀವು ಹೇಳಿದ್ರ, ನಂಬ್ತೀನ್ರಿ.’